ಫ್ರೀಡಮ್ ಬುಕ್‌ಶಾಪ್: ಒಂದು ಸ್ಥಳ ಮಹಜರು

ಲಂಡನ್ನಿನ ವೈಟ್‌ಚಾಪೆಲ್ ಹೈಸ್ಟ್ರೀಟ್‌ನಲ್ಲಿ, ವೈಟ್‌ಚಾಪೆಲ್ ಗ್ಯಾಲರಿಯ ಮಗ್ಗುಲಿಗೆ, ಗೊತ್ತಿಲ್ಲದವರು ಗಮನಿಸದೆ ದಾಟಿಹೋಗುವಂತಹ ಒಂದು ಇಕ್ಕಟ್ಟಾದ ಓಣಿಯಿದೆ. ಏಂಜೆಲ್ ಅಲಿ ಎಂದು ಅದರ ಹೆಸರು. ಅದರೊಳಗೆ 84ಬಿ ಸಂಖ್ಯೆಯ ಕಟ್ಟಡದಲ್ಲಿ ಫ್ರೀಡಮ್ ಬುಕ್‌ಶಾಪ್ ನಡೆಯುತ್ತಿದೆ. ಇದು ಅರಾಜಕತಾವಾದಿಗಳ, ಅಂದರೆ ಯಾವ ಸರ್ಕಾರವೂ ಬೇಡವೆನ್ನುವವರ ಪುಸ್ತಕದಂಗಡಿ. ಇದರ ವಿಮರ್ಶೆ ಬರೆಯಲು ಕುಳಿತಿರುವ ನಾನಾದರೋ ಕಂದಾಯ ಇಲಾಖೆಯಲ್ಲಿ 33 ವರ್ಷ ಕೆಲಸ ಮಾಡಿ, ಶಿರಸ್ತೇದಾರನಾಗಿ ನಿವೃತ್ತನಾಗಿ, ತಿಂಗಳು ತಿಂಗಳು ಸರ್ಕಾರದ ಪಿಂಚಣಿ ಉಣ್ಣುತ್ತಿರುವವನು. ಓದುವವರು ನನ್ನ ಅಭಿಪ್ರಾಯವನ್ನು ತೂಗುವಾಗ ಈ ಸಂಗತಿ ನೆನಪಿನಲ್ಲಿರಲಿ.

ಮಗಳ ಮನೆ ಇಲ್ಫರ್ಡ್‌ನಲ್ಲಿದೆ. ಅಲ್ಲಿಂದ ಎಲಿಜಬೆತ್ ಲೈನ್ ರೈಲು ನೇರವಾಗಿ ವೈಟ್‌ಚಾಪೆಲ್‌ಗೆ ತಂದು ಬಿಡುತ್ತದೆ. ಮೊದಲ ಸಲ ಹೋದಾಗ ಕುತೂಹಲಕ್ಕೆ ಹೋಗಿದ್ದೆ. ಮೂರು ತಿಂಗಳ ವಾಸ್ತವ್ಯದಲ್ಲಿ ಇನ್ನೂ ನಾಲ್ಕು ಸಲ ಹೋದೆ. ಓಣಿಯ ಗೋಡೆಯ ಮೇಲೆ ಈ ಪಂಥದ ಹಿರಿಯರ ಮುಖಗಳನ್ನು ಮೂಡಿಸಿದ ಲೋಹದ ಫಲಕವಿದೆ. ಒಳಗೆ ನೆಲದಿಂದ ಮೇಲಿನವರೆಗೆ ಪುಸ್ತಕಗಳು, ಕಿರುಹೊತ್ತಿಗೆಗಳು, ಬಿತ್ತಿಪತ್ರಗಳು. ಕೌಂಟರಿನಲ್ಲಿ ಕೂರುವವರು ಸಂಬಳವಿಲ್ಲದ ಸ್ವಯಂಸೇವಕರು. ನಾನು ಹೋದ ಐದು ಸಲವೂ ಬೇರೆ ಬೇರೆ ಮುಖಗಳಿದ್ದವು, ಆದರೂ ಯಾವ ಪುಸ್ತಕ ಎಲ್ಲಿದೆಯೆಂದು ಪ್ರತಿಯೊಬ್ಬರಿಗೂ ತಿಳಿದಿತ್ತು. ಕಚೇರಿಯಲ್ಲಿ ಒಬ್ಬ ಗುಮಾಸ್ತ ರಜೆ ಹಾಕಿದರೆ ಅವನ ಬೀರುವಿನ ಕಡತ ಅವನು ಬರುವವರೆಗೂ ಸಿಗುವುದಿಲ್ಲ ಎಂಬುದನ್ನು ಬಲ್ಲ ನನಗೆ ಇದು ಸಣ್ಣ ವಿಷಯವಾಗಿ ಕಾಣಲಿಲ್ಲ.

ಮೊದಲು ಪದದ ಲೆಕ್ಕ ಚುಕ್ತಾ ಮಾಡಿಕೊಳ್ಳಬೇಕು. ಕನ್ನಡ ಪತ್ರಿಕೆಗಳಲ್ಲಿ ‘ಅರಾಜಕತೆ’ ಎಂದರೆ ಗಲಭೆ, ಕಲ್ಲುತೂರಾಟ, ಹೇಳುವವರು ಕೇಳುವವರಿಲ್ಲದ ಸ್ಥಿತಿ. ಇಂಗ್ಲಿಷಿನ ‘ಅನಾರ್ಕಿ’ಯ ಗ್ರೀಕ್ ಮೂಲದಲ್ಲೂ ನಮ್ಮ ‘ಅರಾಜಕತೆ’ಯ ಸಂಸ್ಕೃತ ಮೂಲದಲ್ಲೂ ಪದ ಹೇಳುವುದು ಒಂದನ್ನೇ: ಒಡೆಯನಿಲ್ಲದಿರುವುದು. ಒಡೆಯನಿಲ್ಲದಿದ್ದರೆ ಅವ್ಯವಸ್ಥೆ ಎಂಬುದು ನಾವು ಸೇರಿಸಿಕೊಂಡ ಅರ್ಥ. ಆ ಸೇರ್ಪಡೆಯನ್ನು ಒಪ್ಪದ ಫ್ರಾನ್ಸಿನ ಚಿಂತಕ ಪ್ರೂಧೋನ್ 1840ರಲ್ಲಿ, ಬೈಗುಳವಾಗಿದ್ದ ಈ ಪದವನ್ನು ತನ್ನ ಹೆಸರಿನ ಮುಂದೆ ತಾನೇ ಹಚ್ಚಿಕೊಂಡ. ನಮ್ಮಲ್ಲಿ ಈ ವಾದದ ಎರಡೂ ಪಕ್ಷಗಳು ಮಹಾಭಾರತದ ಶಾಂತಿಪರ್ವದಲ್ಲೇ ಸಿಗುತ್ತವೆ. ಅರಸನಿಲ್ಲದಿದ್ದರೆ ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತದೆ ಎಂದು ಹೆದರಿಸುವ ಅದೇ ಪರ್ವದಲ್ಲಿ, ಒಂದು ಕಾಲಕ್ಕೆ ರಾಜ್ಯವಿರಲಿಲ್ಲ, ರಾಜನಿರಲಿಲ್ಲ, ದಂಡವಿರಲಿಲ್ಲ, ದಂಡಿಸುವವನೂ ಇರಲಿಲ್ಲ, ಜನರೇ ಧರ್ಮದಿಂದ ಒಬ್ಬರನ್ನೊಬ್ಬರು ಕಾಯುತ್ತಿದ್ದರು ಎಂದು ಭೀಷ್ಮ ಧರ್ಮರಾಯನಿಗೆ ಹೇಳುತ್ತಾನೆ. ಮೀನಿನ ಮಾತನ್ನು ನಾವು ಗಾದೆಯಾಗಿ ಉಳಿಸಿಕೊಂಡೆವು, ಇನ್ನೊಂದನ್ನು ಮರೆತೆವು.

ಫ್ರೀಡಮ್ ಎಂಬುದು ಮೊದಲು ಒಂದು ಪತ್ರಿಕೆಯ ಹೆಸರು. ರಷ್ಯದ ರಾಜಮನೆತನದಷ್ಟೇ ಹಳೆಯ ಕುಲದಲ್ಲಿ ಹುಟ್ಟಿ, ಭೂಗೋಳ ವಿಜ್ಞಾನಿಯಾಗಿ ಸೈಬೀರಿಯಾ ಸುತ್ತಿ, ಕೊನೆಗೆ ರಷ್ಯ ಮತ್ತು ಫ್ರಾನ್ಸ್ ಎರಡೂ ದೇಶಗಳ ಸೆರೆಮನೆ ಕಂಡ ಪೀಟರ್ ಕ್ರೊಪೊಟ್ಕಿನ್ 1886ರ ಆರಂಭದಲ್ಲಿ ಬಿಡುಗಡೆಯಾಗಿ ಲಂಡನ್ನಿಗೆ ಬಂದ. ಅದೇ ವರ್ಷದ ಅಕ್ಟೋಬರಿನಲ್ಲಿ ಶಾರ್ಲಟ್ ವಿಲ್ಸನ್ ಮೊದಲಾದವರೊಡನೆ ಸೇರಿ ಪತ್ರಿಕೆ ಹೊರಡಿಸಿದ. ಅಂಗಡಿ ಈ ಓಣಿಗೆ ಬಂದದ್ದು 1968ರಲ್ಲಿ.

ಕಟ್ಟಡದ ಖಾತೆ ಯಾರ ಹೆಸರಿನಲ್ಲಿದೆ ಎಂಬುದು ನನ್ನಂಥವನಿಗೆ ಸಹಜವಾಗಿ ಬರುವ ಪ್ರಶ್ನೆ. ಬಾಡಿಗೆಯದಲ್ಲ, ಇದಕ್ಕೆಂದೇ ಸ್ಥಾಪಿಸಿದ, ಸರ್ಕಾರದಲ್ಲಿ ನೋಂದಾಯಿತವಾದ ಒಂದು ಕಂಪನಿಯ ಒಡೆತನದಲ್ಲಿದೆ. ಆಸ್ತಿಯನ್ನೂ ಪ್ರಭುತ್ವವನ್ನೂ ಒಟ್ಟಿಗೆ ನಿರಾಕರಿಸುವವರು ತಮ್ಮ ಆಸ್ತಿಯನ್ನು ಪ್ರಭುತ್ವದ ನೋಂದಣಿ ಪುಸ್ತಕದಲ್ಲಿ ಬರೆಸಿ ಉಳಿಸಿಕೊಂಡಿದ್ದಾರೆ ಎಂದು ನಗಬಹುದು. ಮೊದಲ ದಿನ ನಾನೂ ನಕ್ಕೆ. ಆದರೆ ಲಂಡನ್ನಿನ ಈ ಭಾಗದಲ್ಲಿ ಬಾಡಿಗೆ ಏರಿದ ಪರಿಯನ್ನು ಕಂಡವರು, ಕರಾರುಪತ್ರವೊಂದನ್ನು ಸರಿಯಾಗಿ ಬರೆಸಿಕೊಂಡದ್ದರಿಂದಲೇ ಈ ಬಾಗಿಲು ಇನ್ನೂ ತೆರೆದಿದೆ ಎಂದು ಒಪ್ಪುತ್ತಾರೆ. ಅದೇ ಕಟ್ಟಡದಲ್ಲಿ, ಖಾಲಿ ಬಿದ್ದ ಮನೆಗಳಲ್ಲಿ ನೆಲೆಸುವವರಿಗೆ ಕಾನೂನು ಸಲಹೆ ಕೊಡುವ ಗುಂಪೊಂದು ಹಲವು ವರ್ಷಗಳಿಂದ ಕೆಲಸ ಮಾಡಿದೆ. ಇಂಗ್ಲೆಂಡಿನಲ್ಲಿ ವಾಸದ ಮನೆಗಳನ್ನು ಹಾಗೆ ಹೊಗುವುದು 2012ರ ಸೆಪ್ಟೆಂಬರಿನವರೆಗೆ ಸಿವಿಲ್ ತಕರಾರಾಗಿತ್ತು, ಅಂದಿನಿಂದ ಅಪರಾಧವಾಯಿತು. ಕಾನೂನನ್ನು ನಂಬದವರು ಕಾನೂನನ್ನು ಇಷ್ಟು ಶ್ರದ್ಧೆಯಿಂದ ಓದಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪುಸ್ತಕಗಳ ಮಾತಿಗೆ ಬಂದರೆ, ಈ ಚಿಂತನೆಯ ತಿರುಳು ಕ್ರೊಪೊಟ್ಕಿನ್ನನ ಬರಹಗಳಲ್ಲಿದೆ, ಮತ್ತು ಅವು ಇಲ್ಲಿ ಕೆಲವೇ ಪೌಂಡುಗಳ ಕಿರುಹೊತ್ತಿಗೆಯಿಂದ ಹಿಡಿದು ದಪ್ಪ ಸಂಪುಟದವರೆಗೆ ಎಲ್ಲ ಗಾತ್ರಗಳಲ್ಲಿ ಸಿಗುತ್ತವೆ. ಅವನ ವಾದವನ್ನು ಕಡತದ ಟಿಪ್ಪಣಿಯಷ್ಟು ಚಿಕ್ಕದಾಗಿ ಹೇಳುವುದಾದರೆ ಹೀಗೆ: ಸಮಾಜ ಬೇರೆ, ಪ್ರಭುತ್ವ ಬೇರೆ. ಮನುಷ್ಯರು ಒಟ್ಟಿಗೆ ಬಾಳಿದ ಕಾಲದ ಬಹುಪಾಲು ಪ್ರಭುತ್ವವಿಲ್ಲದೆಯೇ ಕಳೆದಿದೆ. ಹಳ್ಳಿಯ ಒಕ್ಕೂಟಗಳು, ಕಸುಬುದಾರರ ಸಂಘಗಳು, ಮಧ್ಯಯುಗದ ಸ್ವತಂತ್ರ ನಗರಗಳು ತಮ್ಮ ನೀರು, ದಾರಿ, ನ್ಯಾಯಗಳನ್ನು ತಾವೇ ನೋಡಿಕೊಂಡಿವೆ. ಆಮೇಲೆ ಬಂದ ಕೇಂದ್ರೀಕೃತ ಪ್ರಭುತ್ವ ಆ ಕೆಲಸಗಳನ್ನೆಲ್ಲ ಕಸಿದುಕೊಂಡು, ಜನರ ನಡುವಿನ ನೇರ ಸಂಬಂಧಗಳನ್ನು ಕಡಿದು, ಪ್ರತಿಯೊಬ್ಬನೂ ತನ್ನ ನೆರೆಯವನ ಕಡೆಗೆ ನೋಡದೆ ಕಚೇರಿಯ ಕಿಟಕಿಯ ಕಡೆಗೆ ನೋಡುವಂತೆ ಮಾಡಿತು. ಕಿಟಕಿಯ ಒಳಬದಿಯಲ್ಲಿ ಕೂತಿದ್ದ ನನಗೆ ಈ ಮಾತು ಚುರುಕೆಂದಿತು. ಅಣ್ಣತಮ್ಮಂದಿರು ಜಗಲಿಯ ಮೇಲೆ ಕೂತು ಅರ್ಧ ಗಂಟೆಯಲ್ಲಿ ಮುಗಿಸಬಹುದಾಗಿದ್ದ ಪಾಲು ವಿಭಾಗದ ತಕರಾರು ನಮ್ಮ ಮೇಜಿಗೆ ಬಂದ ಮೇಲೆ ಹನ್ನೊಂದು ವರ್ಷ ನಡೆದದ್ದನ್ನು ನಾನು ಕಂಡಿದ್ದೇನೆ. ಅದರ ನೋಟಿಸುಗಳಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ರಷ್ಯದ ಇನ್ನೊಬ್ಬ ಅರಾಜಕತಾವಾದಿ ಬಕೂನಿನ್‌ನ ಕಪಾಟು ಅದರ ಪಕ್ಕದಲ್ಲಿದೆ. 1872ರ ಹೇಗ್ ಸಮಾವೇಶದಲ್ಲಿ ಮಾರ್ಕ್ಸ್‌ನ ಬಳಗ ಅವನನ್ನು ಇಂಟರ್‌ನ್ಯಾಷನಲ್‌ನಿಂದ, ಅಂದರೆ ಕಾರ್ಮಿಕರ ಅಂತರರಾಷ್ಟ್ರೀಯ ಸಂಘದಿಂದ, ಉಚ್ಚಾಟಿಸಿತು. ಜಗಳದ ಮೂಲ ಸರಳವಾದದ್ದು. ದುಡಿಯುವವರು ಪ್ರಭುತ್ವವನ್ನು ವಶಪಡಿಸಿಕೊಂಡರೆ ಅದು ಕ್ರಮೇಣ ಕರಗುತ್ತದೆ ಎಂದು ಒಬ್ಬರು. ಗದ್ದುಗೆ ಏರಿದ ಕಾರ್ಮಿಕ ಅಂದಿನಿಂದ ಕಾರ್ಮಿಕನಾಗಿ ಉಳಿಯುವುದಿಲ್ಲ, ಮೇಲಿನಿಂದ ಕೆಳಗೆ ನೋಡಲು ಕಲಿಯುತ್ತಾನೆ ಎಂದು ಇನ್ನೊಬ್ಬರು. 1921ರ ಮಾರ್ಚಿನಲ್ಲಿ ರಷ್ಯದ ನೌಕಾನೆಲೆ ಕ್ರೋನ್‌ಸ್ಟಾಟ್‌ನ ಬಂಡೆದ್ದ ನಾವಿಕರ ಮೇಲೆ ಕ್ರಾಂತಿಯ ಸರ್ಕಾರವೇ ಸೈನ್ಯ ಬಿಟ್ಟಾಗ ಎರಡನೆಯವನ ಮಾತು ಸರಿಯೆನಿಸಿತು. ಈ ಒಂದು ಭವಿಷ್ಯ ನಿಜವಾದದ್ದಕ್ಕೆ ಬಕೂನಿನ್‌ನ ಮಿಕ್ಕ ಬರಹಗಳಿಗೂ ಪೂರ್ಣ ಅಂಕ ಕೊಡುವವರಿದ್ದಾರೆ. ನಾನು ಕೊಡಲಾರೆ, ಕೆಡಹುವ ಭರದಲ್ಲಿ ಅವನು ಕಟ್ಟುವುದನ್ನು ಬಹಳ ಅವಸರದಲ್ಲಿ ಮುಗಿಸುತ್ತಾನೆ.

ಪ್ರಭುತ್ವದ ಬಗೆಗಿನ ಟೀಕೆಯನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಈ ಸಂಸ್ಥೆಯ ಚರಿತ್ರೆಯಲ್ಲಿ ನೋಡುವುದು ಹೆಚ್ಚು ಫಲಕಾರಿ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ, 1945ರಲ್ಲಿ, ಇದೇ ಬಳಗದ ಯುದ್ಧಕಾಲದ ಪತ್ರಿಕೆಯ ನಾಲ್ವರು ಸಂಪಾದಕರನ್ನು ಸೈನಿಕರಲ್ಲಿ ಅಸಂತೃಪ್ತಿ ಹುಟ್ಟಿಸಲು ಯತ್ನಿಸಿದರೆಂಬ ಆರೋಪದ ಮೇಲೆ ವಿಚಾರಣೆಗೆ ನಿಲ್ಲಿಸಲಾಯಿತು. ವರ್ನನ್ ರಿಚರ್ಡ್ಸ್, ಜಾನ್ ಹ್ಯೂಟ್‌ಸನ್, ಫಿಲಿಪ್ ಸ್ಯಾನ್ಸಮ್ ಮೂವರಿಗೂ ಒಂಬತ್ತು ತಿಂಗಳ ಸಜೆಯಾಯಿತು. ನಾಲ್ಕನೆಯವಳಾದ ಮರಿ ಲೂಯಿಸ್ ಬರ್ನೆರಿ ಬಿಡುಗಡೆಯಾದಳು. ಅವಳ ತಪ್ಪು ಕಡಿಮೆಯೆಂದಲ್ಲ, ರಿಚರ್ಡ್ಸ್‌ನ ಹೆಂಡತಿಯೆಂದು: ಇಂಗ್ಲಿಷ್ ಕಾನೂನಿನ ಪ್ರಕಾರ ಗಂಡ ಹೆಂಡತಿ ಇಬ್ಬರೇ ಸೇರಿ ಪಿತೂರಿ ಮಾಡಲು ಬರುವುದಿಲ್ಲ. ಸ್ವಾತಂತ್ರ್ಯಕ್ಕಾಗಿ ಯುದ್ಧ ಮಾಡುತ್ತಿದ್ದೇವೆಂದ ಸರ್ಕಾರ ಪುಟ್ಟ ಪತ್ರಿಕೆಯೊಂದಕ್ಕೆ ಹೆದರಿದ್ದನ್ನು ಕಂಡು ಆಗ ರೂಪುಗೊಂಡ ರಕ್ಷಣಾ ಸಮಿತಿಗೆ ಕವಿ ಹರ್ಬರ್ಟ್ ರೀಡ್ ಅಧ್ಯಕ್ಷರಾದರು, ಜಾರ್ಜ್ ಆರ್ವೆಲ್ ಉಪಾಧ್ಯಕ್ಷರಾದರು.

ಇದಕ್ಕಿಂತ ಸ್ವಾರಸ್ಯದ ಪ್ರಸಂಗ ಇನ್ನೊಂದಿದೆ. ಬ್ರಿಟಿಷ್ ಪೊಲೀಸರು 1968ರಲ್ಲಿ ಚಳವಳಿಗಾರರ ನಡುವೆ ವೇಷ ಮರೆಸಿ ಬೆರೆಯುವ ಒಂದು ಗುಪ್ತದಳವನ್ನು ಕಟ್ಟಿದರು. 2015ರಲ್ಲಿ ನೇಮಕವಾದ ವಿಚಾರಣಾ ಆಯೋಗದ ಮುಂದೆ ಬಂದ ಸಂಗತಿಗಳ ಪ್ರಕಾರ, ಆ ದಳದ ಅಧಿಕಾರಿಯೊಬ್ಬ ಸುಳ್ಳು ಹೆಸರಿನಲ್ಲಿ ಈ ಬಳಗವನ್ನು ಸೇರಿ, ಫ್ರೀಡಮ್ ಪತ್ರಿಕೆಗೆ ಲೇಖನಗಳನ್ನೂ ಬರೆಯುತ್ತಿದ್ದ. ಮುಂದೆ ಇಲಾಖೆಯಲ್ಲಿ ಬಹಳ ದೊಡ್ಡ ಹುದ್ದೆಗೆ ಏರಿದ. ಪೊಲೀಸ್ ವ್ಯವಸ್ಥೆಯನ್ನು ಪೊಲೀಸನೇ ಸರ್ಕಾರಿ ಸಂಬಳದಲ್ಲಿ ಖಂಡಿಸಿ ಬರೆದ ಆ ಬರಹಗಳು ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ ಕೂತಿವೆ. ನಮ್ಮ ಇಲಾಖೆಯಲ್ಲಾದರೆ ಅದನ್ನು ‘ಅನ್ಯ ಕಾರ್ಯ ನಿಮಿತ್ತ’ ಎಂದು ಹಾಜರಿ ಪುಸ್ತಕದಲ್ಲಿ ತೋರಿಸುತ್ತಿದ್ದರು.

ಅಂಗಡಿಯ ಮೇಲೆ ಬಿದ್ದ ಪೆಟ್ಟುಗಳೆಲ್ಲ ಸರ್ಕಾರದವಲ್ಲ. 1993ರಲ್ಲಿ ಉಗ್ರ ಬಲಪಂಥದವರು ದಾಳಿ ಮಾಡಿದರು. 2013ರ ಫೆಬ್ರವರಿ 1ರ ನಸುಕಿನಲ್ಲಿ ಯಾರೋ ಬೆಂಕಿ ಹಚ್ಚಿದರು. ಯಾರಿಗೂ ಗಾಯವಾಗಲಿಲ್ಲ, ಆದರೆ ಪುಸ್ತಕಗಳೂ ಹಳೆಯ ದಾಖಲೆಗಳೂ ಸುಟ್ಟು, ನೀರು ಹೊಗೆಗೆ ಸಿಕ್ಕಿ ಹಾಳಾದವು. ಮರುದಿನ ಯಾರ ಆದೇಶವೂ ಇಲ್ಲದೆ ಜನ ಪೊರಕೆ, ಬಕೆಟ್ಟು ಹಿಡಿದು ಬಂದು ಮಸಿ ತೊಳೆದರು. ಕೆಲವೇ ದಿನಗಳಲ್ಲಿ ವ್ಯಾಪಾರ ಮತ್ತೆ ಶುರುವಾಯಿತು. ಕ್ರೊಪೊಟ್ಕಿನ್ ಹೇಳಿದ ಪರಸ್ಪರ ನೆರವಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ ಎಂದು ಕೌಂಟರಿನ ಹುಡುಗಿ ಹೇಳಿದಳು. ಹಾಗಾದರೆ ಬೆಂಕಿಗೆ ಕರೆಯಬೇಕಾದದ್ದು ಯಾರನ್ನು, ಸರ್ಕಾರದ ಅಗ್ನಿಶಾಮಕ ದಳವನ್ನಲ್ಲವೆ ಎಂದು ನಾನು ಕೇಳಿದೆ. ಅವಳು ಸಿಟ್ಟಾಗಲಿಲ್ಲ. ಬೆಂಕಿ ಆರಿಸುವುದಕ್ಕೆ ಪೈಪು ಬೇಕು, ನೀರು ಬೇಕು, ತರಬೇತಾದ ಜನ ಬೇಕು, ಇದರಲ್ಲಿ ಮಂತ್ರಿ ಎಲ್ಲಿ ಬೇಕು ಎಂದಳು. ಈ ದೇಶದ ಕಡಲತೀರದಲ್ಲಿ ಮುಳುಗುವವರನ್ನು ರಕ್ಷಿಸುವ ಜೀವರಕ್ಷಕ ದೋಣಿಗಳ ಸಂಸ್ಥೆ 1824ರಿಂದ ದೇಣಿಗೆಯ ಮೇಲೆ, ಬಹುಮಟ್ಟಿಗೆ ಸ್ವಯಂಸೇವಕರಿಂದಲೇ ನಡೆಯುತ್ತಿದೆ ಎಂಬುದನ್ನೂ ನೆನಪಿಸಿದಳು. ಕ್ರೊಪೊಟ್ಕಿನ್‌ಗೂ ಅದೇ ಉದಾಹರಣೆ ಬಹಳ ಪ್ರಿಯವಾಗಿತ್ತು ಎಂಬುದನ್ನು ಆಮೇಲೆ ಓದಿದೆ. ಉತ್ತರ ಚೆನ್ನಾಗಿತ್ತು, ಒಪ್ಪಿದೆ. ಆದರೂ ಪೈಪು ಯಾವ ಬೀದಿಗೆ ಮೊದಲು ಹೋಗಬೇಕೆಂದು ತೀರ್ಮಾನಿಸುವವರು ಯಾರು ಎಂಬ ನನ್ನ ಮುಂದಿನ ಪ್ರಶ್ನೆಗೆ ಬೇರೆ ಗಿರಾಕಿ ಅಡ್ಡ ಬಂದರು.

ಈ ಪಂಥದ ಹಿರಿಯರೂ ಎಡವದವರಲ್ಲ. 1914ರಲ್ಲಿ ಯುದ್ಧ ಶುರುವಾದಾಗ ಎಲ್ಲ ಪ್ರಭುತ್ವಗಳೂ ಒಂದೇ ಎಂದು ಜೀವನವಿಡೀ ಬರೆದಿದ್ದ ಕ್ರೊಪೊಟ್ಕಿನ್ ಜರ್ಮನಿಯ ವಿರುದ್ಧ ಮಿತ್ರರಾಷ್ಟ್ರಗಳ ಪಕ್ಷ ವಹಿಸಿದ. ಅವನೇ ಹುಟ್ಟುಹಾಕಿದ ಪತ್ರಿಕೆಯ ಸಂಪಾದಕ ಥಾಮಸ್ ಕೀಲ್ ಅದನ್ನು ಒಪ್ಪದೆ ಯುದ್ಧವಿರೋಧಿಯಾಗಿಯೇ ನಿಂತು, ಜೈಲಿಗೆ ಹೋದ. ಸಂಸ್ಥಾಪಕನನ್ನು ಎದುರು ಹಾಕಿಕೊಂಡೂ ಪತ್ರಿಕೆ ಉಳಿಯಿತಲ್ಲ, ಅದು ನನಗೆ ಮೆಚ್ಚುಗೆಯಾಯಿತು. ಮಠ, ಪಕ್ಷ, ಇಲಾಖೆ ಎಲ್ಲಿಯೂ ಇದು ಸುಲಭವಲ್ಲ.

ನಾನು ಕೊನೆಗೆ ಹಣ ಕೊಟ್ಟು ಕೊಂಡದ್ದು ಎಂ.ಪಿ.ಟಿ. ಆಚಾರ್ಯರ ಲೇಖನಗಳ ಸಂಕಲನವನ್ನು. ಈ ಹೆಸರು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಮಂಡಯಂ ಪಾರ್ಥಸಾರಥಿ ತಿರುಮಲಾಚಾರ್ಯರು 1887ರಲ್ಲಿ ಮದರಾಸಿನಲ್ಲಿ ಹುಟ್ಟಿದವರು. ಹೆಸರಿನಲ್ಲಿರುವ ಮಂಡಯಂ ಎಂಬುದು ಮೇಲುಕೋಟೆಯ ನಂಟಿರುವ ಶ್ರೀವೈಷ್ಣವ ಮನೆತನಗಳದು. ಸುಬ್ರಹ್ಮಣ್ಯ ಭಾರತಿಯವರ ‘ಇಂಡಿಯಾ’ ಪತ್ರಿಕೆಯ ಬಳಗದಿಂದ ಹೊರಟು, ಲಂಡನ್, ಬರ್ಲಿನ್ ಎಂದು ಸುತ್ತಿ, 1920ರ ಅಕ್ಟೋಬರಿನಲ್ಲಿ ತಾಷ್ಕೆಂಟಿನಲ್ಲಿ ಭಾರತದ ಕಮ್ಯುನಿಸ್ಟ್ ಪಕ್ಷ ಸ್ಥಾಪನೆಯಾದಾಗ ಸ್ಥಾಪಕರಲ್ಲಿ ಒಬ್ಬರಾದರು. ಇನ್ನೊಬ್ಬ ಸ್ಥಾಪಕರಾದ ಎಂ.ಎನ್. ರಾಯ್ ಅವರೊಂದಿಗೆ ಭಿನ್ನಾಭಿಪ್ರಾಯ ಬಂದು ಕೆಲವೇ ತಿಂಗಳಲ್ಲಿ ಹೊರಬಿದ್ದರು. ಆಮೇಲೆ ಬರ್ಲಿನ್ನಿನಲ್ಲಿ ಅರಾಜಕತಾವಾದಿಗಳ ಜೊತೆಗೂಡಿ, 1935ರಲ್ಲಿ ಮುಂಬಯಿಗೆ ಮರಳಿ, ಫ್ರೀಡಮ್‌ನಂತಹ ಪತ್ರಿಕೆಗಳಿಗೆ ಅಲ್ಲಿಂದಲೇ ಬರೆಯುತ್ತಾ, 1954ರಲ್ಲಿ ಬಡತನದಲ್ಲಿ ತೀರಿಕೊಂಡರು. ಬ್ರಿಟಿಷ್ ಸಾಮ್ರಾಜ್ಯ, ಸೋವಿಯತ್ ಪಕ್ಷ, ಸ್ವತಂತ್ರ ಭಾರತದ ಸರ್ಕಾರ ಮೂರನ್ನೂ ಹತ್ತಿರದಿಂದ ಕಂಡು, ಮೂರರ ಮೇಲೂ ಒಂದೇ ಷರಾ ಬರೆದವರು ಅವರು: ಆಳುವವರ ಬಣ್ಣ ಬದಲಾದರೆ ಆಳಿಸಿಕೊಳ್ಳುವವರ ಸ್ಥಿತಿ ಬದಲಾಗುವುದಿಲ್ಲ. ಮೇಲುಕೋಟೆಯ ಮಗ್ಗುಲಿನ ಹೆಸರೊಂದನ್ನು ವೈಟ್‌ಚಾಪೆಲ್‌ನ ಓಣಿಯಲ್ಲಿ ಓದುತ್ತಿರುವಾಗ, ನಮ್ಮೂರ ಗ್ರಂಥಾಲಯದಲ್ಲಿ ಇದು ಏಕಿಲ್ಲವೆಂಬ ಕಸಿವಿಸಿಯೂ ಆಯಿತು.

ಗಾಂಧಿಯವರು 1916ರ ಫೆಬ್ರವರಿಯಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾಲಯದ ವೇದಿಕೆಯಲ್ಲಿ, ರಾಜಮಹಾರಾಜರ ಎದುರೇ, ತಾವೂ ಒಬ್ಬ ಅರಾಜಕವಾದಿ, ಆದರೆ ಬೇರೆ ಬಗೆಯವನು ಎಂದಿದ್ದರು. ಪ್ರಭುತ್ವವೆಂದರೆ ಒಂದೆಡೆ ಗುಡ್ಡೆ ಹಾಕಿ ಸಂಘಟಿಸಿಟ್ಟ ಹಿಂಸೆ ಎಂಬ ಅರ್ಥದ ಮಾತನ್ನು ಮುಂದೆ ಇನ್ನೂ ಸ್ಪಷ್ಟವಾಗಿ ಆಡಿದರು. ಹೀಗಾಗಿ ಸರ್ವೋದಯದವರನ್ನು ಇಲ್ಲಿನವರು ತಮ್ಮ ದಾಯಾದಿಗಳೆಂದೇ ಎಣಿಸುತ್ತಾರೆ.

ಆದರೆ ನನ್ನ ದೊಡ್ಡ ತಕರಾರು ಇರುವುದೂ ಇಲ್ಲಿಯೇ, ಅಂಗಡಿಯ ಮೇಲಲ್ಲ, ಚಿಂತನೆಯ ಮೇಲೆ. ಪ್ರಭುತ್ವ ಹಿಂದೆ ಸರಿದರೆ ಉಳಿಯುವುದು ಸಮಾಜ ಎಂದು ಇವರು ಹೇಳುವಾಗ, ಆ ಸಮಾಜದ ಚಿತ್ರವನ್ನು ಯೂರೋಪಿನ ಕಸುಬುದಾರರ ಸಂಘಗಳಿಂದ ತೆಗೆದುಕೊಳ್ಳುತ್ತಾರೆ. ನಮ್ಮ ಹಳ್ಳಿಯಲ್ಲಿ ಉಳಿಯುವುದು ಬಾವಿಕಟ್ಟೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ಗ್ರಾಮ ಗಣರಾಜ್ಯಗಳ ಹೊಗಳಿಕೆಯನ್ನು ತಳ್ಳಿಹಾಕಿ, ಹಳ್ಳಿಯೆಂದರೆ ಸಂಕುಚಿತ ಬುದ್ಧಿಯ ಕೂಪವಲ್ಲದೆ ಬೇರೇನು ಎಂದು ಕೇಳಿದ್ದರು. ಜಾತಿಗೆ ಪೊಲೀಸ್ ಠಾಣೆ ಬೇಕಿಲ್ಲ, ಗೆಜೆಟ್ ಪ್ರಕಟಣೆ ಬೇಕಿಲ್ಲ, ಒಬ್ಬ ಅರಸನೂ ಬೇಕಿಲ್ಲ. ಅದು ಪ್ರಭುತ್ವವಿಲ್ಲದ ಆಳ್ವಿಕೆ. ನಾನು ಸೇವೆಯಲ್ಲಿದ್ದ ಒಂದು ಊರಿನಲ್ಲಿ ಸರ್ಕಾರ ಮಂಜೂರು ಮಾಡಿದ ಎರಡು ಎಕರೆಗೆ ಹೋಗುವ ದಾರಿಯನ್ನು ಊರವರೆಲ್ಲ ಸೇರಿ, ಬಹಳ ಒಗ್ಗಟ್ಟಿನಿಂದ, ಪರಸ್ಪರ ನೆರವಿನಿಂದಲೇ ಮುಳ್ಳುಬೇಲಿ ಹಾಕಿ ಮುಚ್ಚಿದ್ದರು. ಆ ಬೇಲಿ ತೆಗೆಸಿದ್ದು ತಹಸೀಲ್ದಾರರ ಆದೇಶ, ಸರ್ವೆಯವನ ಸರಪಳಿ, ಜೊತೆಗೆ ಇಬ್ಬರು ಪೇದೆಗಳು. ಜಮೀನು ಪಡೆದ ಮುದುಕ ಅಂದು ಆದೇಶದ ಪ್ರತಿಯನ್ನು ಕಣ್ಣಿಗೊತ್ತಿಕೊಂಡು ಜೇಬಿನಲ್ಲಿಟ್ಟುಕೊಂಡದ್ದನ್ನು ನೆನೆದರೆ, ಪ್ರಭುತ್ವದ ಕಾಗದವೆಲ್ಲ ಸಂಕೋಲೆ ಎಂದು ಒಪ್ಪುವುದು ನನ್ನಿಂದಾಗುವುದಿಲ್ಲ. ಅದೇ ಮುದುಕ ಆ ಪ್ರತಿಗಾಗಿ ನಮ್ಮ ಕಚೇರಿಗೆ ಎಷ್ಟು ಸಲ ಅಲೆದಿದ್ದ ಎಂಬುದನ್ನು ನೆನೆದರೆ, ಓಣಿಯವರು ಹೇಳುವುದು ಸುಳ್ಳೆನ್ನಲೂ ಬಾಯಿ ಬರುವುದಿಲ್ಲ.

ಇದಕ್ಕೆ ಉತ್ತರದ ಹತ್ತಿರ ಬರುವವನು ಜರ್ಮನಿಯ ಗುಸ್ತಾಫ್ ಲಾಂಡೌರ್. ಪ್ರಭುತ್ವವೆಂದರೆ ಗಾಜಿನ ಪಾತ್ರೆಯಂತೆ ಒಡೆದುಹಾಕುವ ವಸ್ತುವಲ್ಲ, ಮನುಷ್ಯರು ಒಬ್ಬರೊಡನೊಬ್ಬರು ನಡೆದುಕೊಳ್ಳುವ ಒಂದು ರೀತಿ, ಬೇರೆ ರೀತಿಯಲ್ಲಿ ನಡೆದುಕೊಳ್ಳುವುದರಿಂದಲೇ ಅದು ಅಳಿಯಬೇಕು ಎಂಬುದು ಅವನ ವಾದ. ಹಾಗೆ ನೋಡಿದರೆ ಮುಳ್ಳುಬೇಲಿಯೂ ಪ್ರಭುತ್ವವೇ, ಶಿರಸ್ತೇದಾರನ ಮೇಜೂ ಪ್ರಭುತ್ವವೇ. 1919ರ ಮೇ ತಿಂಗಳಲ್ಲಿ ಮ್ಯೂನಿಕ್‌ನ ಸೆರೆಮನೆಯಲ್ಲಿ ಸೈನಿಕರು ಅವನನ್ನು ಹೊಡೆದು ಕೊಂದರು.

ಹೋಗಬೇಕೆನ್ನುವವರಿಗೆ ಕೆಲವು ಸೂಚನೆಗಳು. ಅತಿ ಹತ್ತಿರದ ನಿಲ್ದಾಣ ಆಲ್ಡ್‌ಗೇಟ್ ಈಸ್ಟ್. ಸ್ವಯಂಸೇವಕರ ಅಂಗಡಿಯಾದ್ದರಿಂದ ಹೊರಡುವ ಮುನ್ನ ತೆರೆಯುವ ವೇಳೆಯನ್ನು ವಿಚಾರಿಸಿಕೊಳ್ಳುವುದು ಕ್ಷೇಮ. ಪತ್ರಿಕೆಯ ನಿಯತ ಮುದ್ರಣ 2014ರಲ್ಲಿ ನಿಂತಿದೆ. ಹೊಸಬರು ದಪ್ಪ ಸಂಪುಟಕ್ಕೆ ಕೈಹಾಕದೆ, ಕ್ರೊಪೊಟ್ಕಿನ್‌ನ ಯಾವುದಾದರೊಂದು ಕಿರುಹೊತ್ತಿಗೆಯಿಂದ ಶುರು ಮಾಡಬಹುದು. ಸಮಾಜವಾದದ ಪರಿಚಯವಿದ್ದವರು ನೇರವಾಗಿ ಆಚಾರ್ಯರನ್ನು ಓದಲಿ. ಕೊಳ್ಳದೆ ನಿಂತು ಓದಿದರೆ ಯಾರೂ ಏನೂ ಅನ್ನುವುದಿಲ್ಲ. ಕೊನೆಯ ದಿನ ನಾನು ಹಳೆಯ ಅಭ್ಯಾಸಬಲದಿಂದ ರಸೀದಿ ಕೇಳಿದೆ. ಕೌಂಟರಿನಲ್ಲಿದ್ದ ನರೆಗೂದಲಿನ ಗೃಹಸ್ಥರು ನನ್ನ ಮುಖ ನೋಡಿ, ಒಂದು ತುಂಡು ಕಾಗದದ ಮೇಲೆ ಪುಸ್ತಕದ ಹೆಸರು, ಬೆಲೆ, ತಾರೀಖು ಬರೆದು ಕೊಟ್ಟರು. ಕೆಳಗೆ ಸಹಿ ಇರಲಿಲ್ಲ. ನಾನೂ ಕೇಳಲಿಲ್ಲ.